ಎಷ್ಟು ಜನ, ಎಂಥ ಬಾಳು: ತುಂಗಭದ್ರೆಯ ದಂಡೆಯ ಮೇಲೊಂದು ಲೆಕ್ಕ

ತುಂಗಭದ್ರಾ ಎಡದಂಡೆ ನಾಲೆಯ ಮೂಲ ಯೋಜನೆಯಲ್ಲಿ ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಬರ ಬಿದ್ದರೂ ಈ ಸೀಮೆಯ ಜನ ಉಪವಾಸ ಬೀಳಬಾರದು ಎಂಬುದು ಅದನ್ನು ರೂಪಿಸಿದವರ ಗುರಿಯಾಗಿತ್ತು. ಅದಕ್ಕೇ ನೀರನ್ನು ತೆಳ್ಳಗೆ, ಆದಷ್ಟು ಹೆಚ್ಚು ಎಕರೆಗೆ ಹರಡಿ ಜೋಳ, ಶೇಂಗಾ, ಹತ್ತಿ ಬೆಳೆಸಬೇಕೆಂದು ಬರೆದಿಟ್ಟರು. ನಡೆದದ್ದು ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತ ಹಬ್ಬಿತು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬರುತ್ತದೆ. ಹಾಗಾಗಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಕೊನೆಯ ಭಾಗದ ರೈತರಿಗೆ ನಾಲೆಗೆ ನೀರು ಬಂದ ಮೇಲೂ ಹೋರಾಟ ತಪ್ಪಲಿಲ್ಲ.

ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪವೋ, ಕಡಿಮೆ ಜನಕ್ಕೆ ಧಾರಾಳವೋ ಎಂಬ ಜಗಳ ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಯವರಿಗೆ ಹೊಸದಲ್ಲ. ಆದರೆ ನಾಲೆಯ ಜಗಳದಲ್ಲಿ ಪಾಲು ಕೇಳುವವರು ಈಗಾಗಲೇ ಇದ್ದಾರೆ, ಅವರ ಹೆಸರು ಪಹಣಿಯಲ್ಲಿದೆ. ಪಾಲುದಾರರು ಎಷ್ಟು ಜನ ಇರಬೇಕು, ಯಾರು ಹುಟ್ಟಬೇಕು ಎಂಬುದೂ ನಮ್ಮ ನಿರ್ಧಾರದ ಮೇಲೇ ನಿಂತಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ತತ್ವಶಾಸ್ತ್ರದಲ್ಲಿ ಜನಸಂಖ್ಯಾ ನೀತಿಶಾಸ್ತ್ರ ಎಂಬ ಶಾಖೆ ಶುರುವಾಗುವುದು ಅಲ್ಲಿಂದ. ಜನಸಂಖ್ಯೆಯ ಬಗ್ಗೆ ನಮ್ಮಲ್ಲಿ ನಡೆಯುವ ಹೆಚ್ಚಿನ ಚರ್ಚೆ ಈ ಎರಡನ್ನೂ ಕಲಸಿಬಿಡುತ್ತದೆ. "ಜನ ಜಾಸ್ತಿಯಾದರು, ಅದಕ್ಕೇ ಬಡತನ" ಎಂಬ ಒಂದೇ ಮಾತಿನಲ್ಲಿ ಹಂಚಿಕೆಯ ತಪ್ಪು ಹುಟ್ಟಿದವರ ತಲೆಗೆ ಬರುತ್ತದೆ.

ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ನಿರ್ಧಾರಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಜನವೂ ಅವರೇ, ಸಂಖ್ಯೆಯೂ ಅಷ್ಟೇ, ಯಾರಿಗೆಷ್ಟು ಎಂಬುದಷ್ಟೇ ಬದಲಾದರೆ ಅದು ಮೊದಲನೆಯ ಬಗೆ. ಸಂಖ್ಯೆ ಅಷ್ಟೇ ಉಳಿದು ಹುಟ್ಟುವವರು ಬೇರೆಯಾದರೆ ಎರಡನೆಯದು. ಸಂಖ್ಯೆಯೇ ಬದಲಾದರೆ ಮೂರನೆಯದು. ಯಾವುದೇ ಯೋಜನೆ ಎದುರಿಗೆ ಬಂದಾಗ ಇದು ಯಾವ ಬಗೆಯದು ಎಂದು ಮೊದಲು ಕೇಳಿಕೊಳ್ಳಿ. ನೀರಿನ ಪಾಳಿ, ಪಡಿತರ, ಆಸ್ಪತ್ರೆಯ ಹಾಸಿಗೆ ಬಹುಮಟ್ಟಿಗೆ ಮೊದಲನೆಯ ಬಗೆಯವು. ಅಲ್ಲಿ ನ್ಯಾಯದ ಹಳೆಯ ಮಾತುಗಳೇ ಸಾಕು, ಹೊಸ ಶಾಸ್ತ್ರ ಬೇಕಿಲ್ಲ.

ಮೂರನೆಯ ಬಗೆಯಲ್ಲಿ ಮಾತ್ರ ಪ್ರತಿ ಸಿದ್ಧಾಂತವೂ ಎಲ್ಲೋ ಒಂದು ಕಡೆ ಮುಗ್ಗರಿಸುತ್ತದೆ. ಎಲ್ಲಿ ಎಂದು ತಿಳಿಯಲು ಅಂಕಿ ಹಿಡಿದೇ ನೋಡಬೇಕು. ಒಬ್ಬರ ಇಡೀ ಬಾಳಿಗೆ ಒಂದು ಅಂಕ ಕೊಡೋಣ. ಸೊನ್ನೆ ಎಂದರೆ ಆ ಬಾಳು ಬಾಳುವವರಿಗೆ ಲಾಭವೂ ಅಲ್ಲ, ನಷ್ಟವೂ ಅಲ್ಲ. ಸೊನ್ನೆಗಿಂತ ಕೆಳಗಿನದು ನರಳಾಟ.

ಎಲ್ಲರ ಅಂಕ ಕೂಡಿಸಿ ಹೆಚ್ಚು ಮೊತ್ತ ಬಂದ ಲೋಕವೇ ಉತ್ತಮ ಎನ್ನುವುದು ಮೊತ್ತದ ವಾದ. 100 ಜನ, ತಲಾ 90 ಅಂಕ, ಒಟ್ಟು 9,000. ಇನ್ನೊಂದು ಲೋಕದಲ್ಲಿ 10,000 ಜನ, ತಲಾ ಒಂದೇ ಅಂಕ, ಒಟ್ಟು 10,000. ಮೊತ್ತದ ವಾದದ ಪ್ರಕಾರ ಜೀವ ಹಿಡಿದುಕೊಂಡಿರುವ ಆ ಹತ್ತು ಸಾವಿರದ ಲೋಕವೇ ಮೇಲು. ಪಾರ್ಫಿಟ್ ಇದನ್ನು ಒಪ್ಪಲಾಗದ, ಮನಸ್ಸು ಹೇಸುವ ತೀರ್ಮಾನ ಎಂದರು.

ಹಾಗಾದರೆ ಸರಾಸರಿ ನೋಡೋಣ ಎಂದರೆ ಅದು ಇನ್ನೂ ಕೆಟ್ಟದಾಗಿ ಸೋಲುತ್ತದೆ. 100 ಜನ ತಲಾ ಮೈನಸ್ 90ರಲ್ಲಿ ನರಳುತ್ತಿದ್ದಾರೆ ಎನ್ನಿ. ಅವರ ಜೊತೆ ಮೈನಸ್ 80ರಲ್ಲಿ ನರಳುವ ಹತ್ತು ಜನರನ್ನು ಹುಟ್ಟಿಸಿದರೆ ಸರಾಸರಿ ಸುಮಾರು ಮೈನಸ್ 89.1ಕ್ಕೆ ಸುಧಾರಿಸುತ್ತದೆ. ಹತ್ತು ಹೊಸ ನರಕಗಳನ್ನು ಸೃಷ್ಟಿಸಿದ್ದಕ್ಕೆ ಲೋಕ ಸುಧಾರಿಸಿತು ಎನ್ನುವ ಲೆಕ್ಕವನ್ನು ಯಾರೂ ಒಪ್ಪಲಾರರು.

ಮೂರನೆಯ ದಾರಿ ಹೊಸ್ತಿಲಿನದು. 10 ಅಂಕ ದಾಟಿದ ಬಾಳು ಮಾತ್ರ ಲೋಕಕ್ಕೆ ಲಾಭ, ಅದಕ್ಕಿಂತ ಕೆಳಗಿನದು ನಷ್ಟ ಎಂದಿಟ್ಟುಕೊಳ್ಳಿ. ಆಗ ತಲಾ 5 ಅಂಕದ, ಬಡತನದಲ್ಲೂ ತಕ್ಕಮಟ್ಟಿಗೆ ಸಂತೋಷವಾಗಿರುವ 100 ಜನ ಹುಟ್ಟಿದರೆ 500 ಅಂಕ ನಷ್ಟ. ಮೈನಸ್ 100ರಲ್ಲಿ ಒದ್ದಾಡುವ ಒಬ್ಬನೇ ಹುಟ್ಟಿದರೆ 110 ಅಂಕ ನಷ್ಟ. ಲೆಕ್ಕ ಆ ಒಬ್ಬನ ಚಿತ್ರಹಿಂಸೆಯನ್ನು ಆರಿಸಿಕೊಳ್ಳುತ್ತದೆ.

ಅಡ್ಡದಾರಿಯೂ ಇಲ್ಲ. ತಲಾ 90ರ 100 ಜನ ಇದ್ದಾರೆ. ಅವರಿಗೆ ಏನೂ ಕಡಿಮೆ ಮಾಡದೆ ದೂರದಲ್ಲಿ 40 ಅಂಕದ 100 ಜನ ಹೆಚ್ಚಾದರೆ ಯಾರಿಗೂ ಕೇಡಿಲ್ಲ. ಆ ಮೇಲೆ ಎಲ್ಲ 200 ಜನರನ್ನೂ 70ಕ್ಕೆ ತಂದರೆ ಮೊತ್ತ 13,000ದಿಂದ 14,000ಕ್ಕೆ ಏರುತ್ತದೆ, ಸಮಾನತೆಯೂ ಬರುತ್ತದೆ. ಎರಡು ಹೆಜ್ಜೆಯೂ ಸರಿ ಎಂದು ಒಪ್ಪಿದರೆ 90ರ 100 ಜನಕ್ಕಿಂತ 70ರ 200 ಜನ ಮೇಲಾಯಿತು. ಇದೇ ಎರಡು ಹೆಜ್ಜೆಯನ್ನು ಮತ್ತೆ ಮತ್ತೆ ಇಡುತ್ತ ಹೋದರೆ ತಲುಪುವುದು ಆ ಹತ್ತು ಸಾವಿರದ ಲೋಕವನ್ನೇ. ಸಹಜವೆನಿಸುವ ಕೆಲವೇ ಷರತ್ತುಗಳನ್ನು ಒಟ್ಟಿಗೆ ಪಾಲಿಸುವ ಸಿದ್ಧಾಂತ ಸಾಧ್ಯವಿಲ್ಲ ಎಂದು ಸ್ವೀಡನ್ನಿನ ತತ್ವಜ್ಞಾನಿ ಗುಸ್ತಾಫ್ ಅರ್ಹೇನಿಯಸ್ ತರ್ಕಬದ್ಧವಾಗಿ ಸಾಧಿಸಿ ತೋರಿಸಿದ್ದಾರೆ. 2021ರಲ್ಲಿ 29 ವಿದ್ವಾಂಸರು ಒಟ್ಟಾಗಿ, ಆ ಹೇಸುವ ತೀರ್ಮಾನದಿಂದ ತಪ್ಪಿಸಿಕೊಳ್ಳುವುದೇ ಈ ಶಾಖೆಯ ಮುಖ್ಯ ಗುರಿಯಾಗುವುದು ಬೇಡ ಎಂದು ಬರೆದರು. ಅದು ನನಗೂ ಸರಿಯೆನಿಸುತ್ತದೆ. ಅದೊಂದನ್ನು ತಪ್ಪಿಸಲು ಹೋಗಿ ಅದಕ್ಕಿಂತ ಘೋರವಾದದ್ದನ್ನು ಒಪ್ಪಿಕೊಂಡ ಸಿದ್ಧಾಂತಗಳೇ ಹೆಚ್ಚು.

ಈ ಅಂಕಗಳ ಆಟದಲ್ಲಿ ನನಗೆ ಹೆಚ್ಚು ಕಾಡುವುದು ಸೊನ್ನೆಯ ಗೆರೆ ಎಳೆಯುವವರು ಯಾರು ಎಂಬುದು. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಬಳ್ಳಾರಿ ಅತಿ ಹೆಚ್ಚು ನಲುಗಿದವುಗಳಲ್ಲಿ ಒಂದು. 1877ರ ಆರಂಭದಲ್ಲಿ ಬರ ಪರಿಹಾರ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಕೈಗೆ ಚೂರು ಕಾಸು ಸಾಕು ಎಂದು ನಿಗದಿ ಮಾಡಿದ. ಇಷ್ಟರಲ್ಲಿ ಮೈಮುರಿದು ದುಡಿಯುವ ದೇಹ ಉಳಿಯುವುದಿಲ್ಲ ಎಂದು ಮದ್ರಾಸಿನ ವೈದ್ಯಾಧಿಕಾರಿ ವಿಲಿಯಂ ಕಾರ್ನಿಷ್ ಪಟ್ಟು ಹಿಡಿದು ವಾದಿಸಿದ. ಕೆಲವೇ ತಿಂಗಳಲ್ಲಿ ಆ ಕೂಲಿಯನ್ನು ಕೈಬಿಡಬೇಕಾಯಿತು, ಅಷ್ಟರೊಳಗೆ ಹೋದ ಜೀವ ಹೋಗಿತ್ತು. "ಬದುಕಲು ಇಷ್ಟು ಸಾಕು" ಎಂಬ ಗೆರೆಯನ್ನು ಹೊಟ್ಟೆ ತುಂಬಿದವರು ಎಳೆದಾಗಲೆಲ್ಲ ಅದು ಕೆಳಗೇ ಇರುತ್ತದೆ. ಹಾಗೆಯೇ "ಇಂಥ ಬಡವರು ಹುಟ್ಟದಿದ್ದರೇ ಚೆನ್ನಾಗಿತ್ತು" ಎಂದು ಬೇರೆಯವರ ಬಾಳನ್ನು ಸೊನ್ನೆಗಿಂತ ಕೆಳಗಿಡುವುದೂ ಅದೇ ಸೊಕ್ಕು. ದೇವದುರ್ಗದ ಕೂಲಿಕಾರ ಹೆಂಗಸು ತನ್ನ ಬಾಳು ಬೇಡವಾಗಿತ್ತು ಎಂದು ಹೇಳಿಲ್ಲ, ಕೂಲಿ ಸರಿಯಾಗಿ ಕೊಡಿ ಎಂದಿದ್ದಾಳೆ.

ಸರಾಸರಿ ವಾದ ಪುಸ್ತಕದಲ್ಲಿ ಸೋತರೂ ಸರ್ಕಾರಿ ಕಡತದಲ್ಲಿ ಆಳುತ್ತಿದೆ. 2002ರಲ್ಲಿ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಕೂಡಿಸಿ ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಆ ವರದಿ ಇಲ್ಲದಿದ್ದರೆ ಈ ಭಾಗದ ಕೂಗಿಗೆ ಅಂಕಿಯ ಬಲವೇ ಸಿಗುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದರೆ ಸೂಚಕಗಳಲ್ಲಿ ಬಹುಪಾಲು ತಲಾವಾರು ಇಲ್ಲವೇ ಶೇಕಡಾವಾರು ಆಗಿರುವುದರಿಂದ ಒಂದು ತೊಡಕಿದೆ. ಉದಾಹರಣೆಗೆ ಸಾವಿರ ಜನರ ಊರೊಂದನ್ನು ಊಹಿಸಿಕೊಳ್ಳಿ. 800 ಜನರ ವರ್ಷದ ತಲಾ ಆದಾಯ 40,000 ರೂಪಾಯಿ, 200 ಜನರದು 1 ಲಕ್ಷ. ಸರಾಸರಿ 52,000. ಬಡವರಲ್ಲಿ 300 ಜನ ಬೆಂಗಳೂರಿಗೆ ಗುಳೆ ಹೋಗಿ ಅಲ್ಲೇ ನೆಲೆಸಿದರೆ ಊರಿನ ಸರಾಸರಿ ಸುಮಾರು 57,100ಕ್ಕೆ ಏರುತ್ತದೆ. ಉಳಿದವರ ಯಾರ ಕೈಗೂ ಒಂದು ರೂಪಾಯಿ ಹೆಚ್ಚು ಬಂದಿಲ್ಲ. ಎಮ್ಮೆ ಕರು ಹಾಕಿದರೆ ತಲಾದಾಯ ಏರುತ್ತದೆ, ಮನೆಯಲ್ಲಿ ಕೂಸು ಹುಟ್ಟಿದರೆ ಇಳಿಯುತ್ತದೆ. ಜಿಲ್ಲಾಸ್ಪತ್ರೆಯ ಶಿಶು ಘಟಕ ಬಡ ಮನೆಯ ಮಗುವೊಂದನ್ನು ಉಳಿಸಿದರೂ ಅಂಕಿ ಇಳಿಯುವುದೇ. ಹಾಗಾಗಿ ತಲಾದಾಯ ಏರಿದೆ ಎಂಬ ಸುದ್ದಿ ಓದಿದಾಗ ಅದರ ಪಕ್ಕದಲ್ಲಿ ಊರು ಬಿಟ್ಟವರ ಮತ್ತು ಶಿಶುಮರಣದ ಅಂಕಿಯನ್ನೂ ಇಟ್ಟು ನೋಡಬೇಕು. ಬಳ್ಳಾರಿಯಲ್ಲಂತೂ ಉಕ್ಕು ಮತ್ತು ಅದಿರಿನ ಉತ್ಪಾದನೆಯೂ ಜಿಲ್ಲೆಯ ತಲಾದಾಯದಲ್ಲಿ ಸೇರುತ್ತದೆ, ಕುರುಗೋಡಿನ ಕೂಲಿಕಾರನಿಗೆ ಅದು ತಲುಪಿತೋ ಇಲ್ಲವೋ ಅಂಕಿ ಹೇಳದು.

ತಲೆ ಎಣಿಸಿ ಹಂಚುವುದರಲ್ಲೂ ಇಂಥದೇ ಇಕ್ಕಟ್ಟಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ 1971ರ ಬದಲು 2011ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡಿತು. ಕೇಂದ್ರ ತೆರಿಗೆಯ ಪಾಲಿನಲ್ಲಿ ಕರ್ನಾಟಕಕ್ಕೆ ಶೇ 4.713 ಇದ್ದದ್ದು ಶೇ 3.647ಕ್ಕೆ ಇಳಿಯಿತು. ಇಳಿಕೆಗೆ ಜನಸಂಖ್ಯೆ ಒಂದೇ ಕಾರಣವಲ್ಲ, ಆದಾಯದ ಅಂತರವೂ ಸೇರಿತ್ತು. ಹುಟ್ಟು ತಗ್ಗಿಸಿದ ರಾಜ್ಯಗಳಿಗೆಂದು ಆಯೋಗ ಶೇ 12.5ರ ತೂಕವನ್ನೂ ಇಟ್ಟಿತ್ತು. ಹುಟ್ಟು ತಗ್ಗಿಸಿದವರಿಗೆ ಹೆಚ್ಚು ಪಾಲು ಎಂಬ ಇದೇ ನ್ಯಾಯವನ್ನು ರಾಜ್ಯದ ಒಳಗೆ ತಂದರೆ ನಾವು ಬೇರೆ ಪಕ್ಕದಲ್ಲಿ ನಿಲ್ಲುತ್ತೇವೆ. ಜನನ ಪ್ರಮಾಣ ಮೊದಲೇ ತಗ್ಗಿದ್ದು ದಕ್ಷಿಣದ ಜಿಲ್ಲೆಗಳಲ್ಲಿ, ತಡವಾಗಿ ತಗ್ಗುತ್ತಿರುವುದು ನಮ್ಮಲ್ಲಿ. ದಿಲ್ಲಿಗೆ ಒಂದು ವಾದ, ಬೆಂಗಳೂರಿಗೆ ಇನ್ನೊಂದು ವಾದ ಮಾಡಲಾಗದು. ಈಗ ಇರುವ ಮಗುವಿನ ಶಾಲೆ, ಆಸ್ಪತ್ರೆಯ ಹಣವನ್ನು ಅದರ ಅಜ್ಜ ಅಜ್ಜಿ ಎಷ್ಟು ಮಕ್ಕಳನ್ನು ಹೆತ್ತರು ಎಂಬುದರ ಮೇಲೆ ಕಡಿಯಬಾರದು. ನನ್ನ ಮಟ್ಟಿಗೆ ಈ ಮಾತು ಬಿಹಾರದ ಮಗುವಿಗೂ ಅನ್ವಯಿಸುತ್ತದೆ, ಲಿಂಗಸುಗೂರಿನ ಮಗುವಿಗೂ ಅನ್ವಯಿಸುತ್ತದೆ. ಜನಸಂಖ್ಯೆ ನೋಡಿ ಪಾರ್ಲಿಮೆಂಟಿನ ಸೀಟು ಹಂಚುವುದು ಅಧಿಕಾರದ ಪ್ರಶ್ನೆ. ಅದನ್ನು ಬೇರೆ ತಕ್ಕಡಿಯಲ್ಲೇ ತೂಗಬೇಕು.

ಪಾರ್ಫಿಟ್ ಹೇಳಿದ ಎರಡನೆಯ ಬಗೆಗೆ, ಅಂದರೆ ಸಂಖ್ಯೆ ಅಷ್ಟೇ ಇದ್ದು ಹುಟ್ಟುವವರು ಬೇರೆಯಾಗುವ ನಿರ್ಧಾರಗಳಿಗೆ ಬರೋಣ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಗಂಗಾವತಿ, ಸಿಂಧನೂರು ಸುತ್ತ ಕ್ಯಾಂಪು ಎಂದು ಕರೆಯುವ ಹೊಸ ಊರುಗಳನ್ನು ಕಟ್ಟಿದರು. ಅಲ್ಲಿ ಮದುವೆಗಳಾದವು, ಮಕ್ಕಳಾದರು. ಅಣೆಕಟ್ಟು ಇಲ್ಲದಿದ್ದರೆ ಈಗಿನ ಕ್ಯಾಂಪುಗಳ ಯುವಕರು ಯಾರೂ ಹುಟ್ಟುತ್ತಲೇ ಇರಲಿಲ್ಲ. ಅವರ ಅಪ್ಪ ಅಮ್ಮ ಒಂದೇ ಊರಲ್ಲಿ ಇರುತ್ತಿರಲಿಲ್ಲ. ಅದೇ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105.8ರ ಆಸುಪಾಸಿಗೆ ಬಂದಿದೆ. ಜಲಾನಯನದಲ್ಲಿ ಮಣ್ಣು ಸವೆಯದಂತೆ ಆರಂಭದಲ್ಲೇ ದುಡ್ಡು ಸುರಿದಿದ್ದರೆ ಇಷ್ಟು ಹೂಳು ಬರುತ್ತಿರಲಿಲ್ಲ. ಆದರೆ ಆ ದುಡ್ಡು ನಾಲೆಗೆ ಹೋಗದೆ ಗುಡ್ಡಕ್ಕೆ ಹೋಗಿದ್ದರೆ ವಲಸೆಯ ದಾರಿ ಬೇರೆ, ಮದುವೆಗಳು ಬೇರೆ, ಹುಟ್ಟುವವರೇ ಬೇರೆ. ಹಾಗಿರುವಾಗ ಇಂದಿನ ಯುವಕ "ಅಂದಿನವರು ನನಗೆ ಅನ್ಯಾಯ ಮಾಡಿದರು" ಎನ್ನಬಹುದೇ? ಅವರು ಸರಿಯಾಗಿ ನಡೆದುಕೊಂಡಿದ್ದರೆ ಅವನೇ ಇರುತ್ತಿರಲಿಲ್ಲವಲ್ಲ.

ಹಾನಿ ಎಂದರೆ ಒಬ್ಬ ನಿರ್ದಿಷ್ಟ ವ್ಯಕ್ತಿಗೇ ಆಗಬೇಕು ಎನ್ನುವವರು ಇಲ್ಲಿ ಬಾಯಿ ಕಟ್ಟಿ ಕೂರಬೇಕಾಗುತ್ತದೆ. ಬಿಡಿಸಿಕೊಳ್ಳುವ ದಾರಿಯನ್ನು ಪಾರ್ಫಿಟ್ ಅವರೇ ತೋರಿಸಿದ್ದಾರೆ. ಸಂಖ್ಯೆ ಒಂದೇ ಇದ್ದಾಗ, ಯಾರೇ ಹುಟ್ಟಲಿ, ಹುಟ್ಟುವವರ ಬಾಳು ಹೆಚ್ಚು ಹಸನಾಗುವ ಆಯ್ಕೆಯೇ ಸರಿ. "ನನಗೆ ಅನ್ಯಾಯವಾಯಿತು" ಎಂಬ ದೂರುದಾರ ಬೇಕಿಲ್ಲ. 2080ರಲ್ಲಿ ಸಿರವಾರದಲ್ಲಿ ಯಾರಿರುತ್ತಾರೋ ಅವರಿಗೆ ನೀರು ಬೇಕು, ಅಷ್ಟು ಸಾಕು.

ಸಂಡೂರಿನ ಅದಿರಿಗೆ ಇದನ್ನು ಹಚ್ಚಿ ನೋಡಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್ನಿನ ಮಿತಿ ಹಾಕಿತು. ಮುಂದಿನ ತಲೆಮಾರಿಗೂ ಪಾಲಿದೆ ಎಂಬುದು ಮಿತಿಯ ಹಿಂದಿನ ಒಂದು ಕಾರಣ. ಮಿತಿ 2017ರಲ್ಲಿ 28ಕ್ಕೆ, 2022ರಲ್ಲಿ 35ಕ್ಕೆ ಏರಿತು. ಅದಿರನ್ನು ನೆಲದಲ್ಲೇ ಬಿಡುವುದು ಮುಂದಿನವರಿಗೆ ಉಳಿಸುವ ಒಂದೇ ದಾರಿಯಲ್ಲ, ತೆಗೆದದ್ದರ ಬೆಲೆಯನ್ನು ಬೇರೆ ರೂಪದಲ್ಲಿ ಉಳಿಸಿದರೂ ಆದೀತು. ತೊಂದರೆ ಇರುವುದು ಉಳಿಸುವುದರಲ್ಲಿ. ಗಣಿ ಬಾಧಿತ ಜಿಲ್ಲೆಗಳಿಗೆಂದು 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳಿಂದ ರಾಜಧನದ ಶೇ 30, ಹರಾಜಿನ ಗುತ್ತಿಗೆಗಳಿಂದ ಶೇ 10 ಸಂದಾಯವಾಗುತ್ತದೆ. ಕುಡಿಯುವ ನೀರು, ಶಾಲೆ, ಆರೋಗ್ಯಕ್ಕೆ ಹೋದದ್ದು ಮುಂದಿನವರಿಗೂ ಉಳಿಯುತ್ತದೆ. ಕಾಂಪೌಂಡು, ಸಮುದಾಯ ಭವನಕ್ಕೆ ಹೋದದ್ದು ಹತ್ತು ವರ್ಷದಲ್ಲಿ ಬಿರುಕು ಬಿಡುತ್ತದೆ. ಗೋವಾದ ಅದಿರಿನ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟೇ ಮಾರಾಟದ ಹಣದ ಶೇ 10ನ್ನು ಶಾಶ್ವತ ನಿಧಿಯಲ್ಲಿಡಲು ಹೇಳಿತು. ಅಸಲು ಮುಟ್ಟದ ಅಂಥ ನಿಧಿಯೊಂದು ಬಳ್ಳಾರಿಗೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಎಲ್ಲಕ್ಕಿಂತ ಹತ್ತಿರದ್ದು, ಹುಟ್ಟಿನ ಸಂಖ್ಯೆಯನ್ನೇ ಗುರಿ ಮಾಡಿಕೊಳ್ಳುವುದು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಎಷ್ಟೋ ಕಡೆ ಬಲವಂತವಾಗಿ. ಇಲಾಖೆಯ ಸಿಬ್ಬಂದಿಗೆ ಇಷ್ಟು ಕೇಸು ತರಲೇಬೇಕು ಎಂಬ ಗುರಿಪಟ್ಟಿ ತೆಗೆದದ್ದು 1996ರಲ್ಲಿ. ಶಸ್ತ್ರಚಿಕಿತ್ಸಾ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ಎದುರಿಗಿರುವ ಹೆಣ್ಣಿನ ದೇಹವನ್ನು ಇನ್ನೂ ಹುಟ್ಟದವರ ಲೆಕ್ಕಕ್ಕೆ ಸಾಧನ ಮಾಡಿಕೊಂಡದ್ದು ಇಲ್ಲಿನ ಮೂಲ ತಪ್ಪು. ಯಾವ ಸಿದ್ಧಾಂತದ ಹೆಸರಲ್ಲೂ ಅದನ್ನು ಸಮರ್ಥಿಸಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಆದರೂ ಜನಸಂಖ್ಯೆ ಕೂಡಲೇ ಇಳಿಯದು, ಹಿಂದಿನ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿದೆ. ಅದೇ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರಲ್ಲಿ ಶೇ 57.4 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗಂಡಸರ ಪಾಲು ಬಹುತೇಕ ಸೊನ್ನೆ. 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. 15ರಿಂದ 49ರ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಸಂಖ್ಯೆಯ ಗುರಿ ಮುಟ್ಟಿದ ಮೇಲೂ ಬಾಳು ಹಸನಾಗಿಲ್ಲ ಎಂಬುದು ಈ ಅಂಕಿಗಳಲ್ಲೇ ಇದೆ. ಹದಿನಾರಕ್ಕೆ ಮದುವೆ, ಒಂದರ ಬೆನ್ನಿಗೊಂದು ಎರಡು ಹೆರಿಗೆ, ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಆಪರೇಷನ್. ಹೀಗೆ ಮುಗಿದ ಬಾಣಂತನ ಕಡತದಲ್ಲಿ ಯಶಸ್ಸೆಂದು ಬರುತ್ತದೆ.

ಇದಕ್ಕೆ ಪರ್ಯಾಯ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿದೆ. ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಚುಚ್ಚುಮದ್ದು ಬಿಟ್ಟುಹೋಗುವುದಕ್ಕೆ ಒಂದು ಕಾರಣ ಮುಟ್ಟು ಏರುಪೇರಾಗುವುದು. ಮೊದಲೇ ಹೇಳಿರದಿದ್ದರೆ ಹೆಂಗಸು ಹೆದರಿ ಎರಡನೇ ಡೋಸಿಗೆ ಬರುವುದಿಲ್ಲ. ಗಂಡಸರ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆಗೆ ಹೊಟ್ಟೆ ಕೊಯ್ಯಬೇಕಿಲ್ಲ, ಹೆಂಗಸರದಕ್ಕಿಂತ ಸರಳ. ಆದರೆ ಆ ಮೇಲೆ ಮೂರು ತಿಂಗಳು ಬೇರೆ ಸಾಧನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದನ್ನು ತಪ್ಪಿಸಿದವರ ಮನೆಯಲ್ಲಿ ಗರ್ಭ ನಿಂತರೆ ಸಂಶಯದ ಬೆರಳು ಹೆಂಡತಿಯ ಕಡೆ ತಿರುಗುತ್ತದೆ.

ಹುಡುಗಿಯ ಮದುವೆಯನ್ನು ಮುಂದೂಡುವುದರಲ್ಲಿ ಮೇಲಿನ ಎಲ್ಲ ಸಿದ್ಧಾಂತಗಳೂ ಒಂದೆಡೆ ಸೇರುವುದು ನನಗೆ ತುಂಬ ಮುಖ್ಯವೆನಿಸುತ್ತದೆ. ಹದಿನಾರರಲ್ಲಿ ಹುಟ್ಟುವ ಮಗು ಬೇರೆ, ಇಪ್ಪತ್ತೆರಡರಲ್ಲಿ ಹುಟ್ಟುವ ಮಗು ಬೇರೆ, ಹಾಗಾಗಿ ಮೊದಲ ಮಗುವಿಗೆ ಅನ್ಯಾಯವಾಯಿತು ಎಂದು ವಾದಿಸುವುದು ಕಷ್ಟ. ವಾದಿಸಬೇಕಾಗಿಯೂ ಇಲ್ಲ. ಆ ಹುಡುಗಿ ಈಗ ಇದ್ದಾಳೆ, ನೋವು ಅವಳದು, ಅವಳ ಹಕ್ಕೇ ಸಾಕು. ಮೊತ್ತದ ವಾದದವರು "ಆಗ ಹುಟ್ಟಬೇಕಾದವರು ಕಡಿಮೆಯಾದರಲ್ಲ" ಎಂದು ಆಕ್ಷೇಪಿಸಲೂ ಆಗದು. ಮೊದಲ ಮಗು 17ಕ್ಕೆ ಹುಟ್ಟುತ್ತ ಹೋದರೆ 68 ವರ್ಷದಲ್ಲಿ ನಾಲ್ಕು ತಲೆಮಾರು. 23ಕ್ಕೆ ಹುಟ್ಟುತ್ತ ಹೋದರೆ 69 ವರ್ಷದಲ್ಲಿ ಮೂರು. ಪ್ರತಿ ದಂಪತಿಗೆ ಎರಡೇ ಮಕ್ಕಳಿದ್ದರೂ ಒಂದೇ ಕಾಲದಲ್ಲಿ ನೀರು, ನೆಲ, ಶಾಲೆ ಹಂಚಿಕೊಳ್ಳುವವರ ಸಂಖ್ಯೆ ತಗ್ಗುತ್ತದೆ. ಆದರೆ ತಲೆಮಾರು ಚಿಕ್ಕದಾಗುವುದಿಲ್ಲ, ತಡವಾಗಿ ಬರುತ್ತದೆ ಅಷ್ಟೇ. ಯಾವ ದಂಪತಿಗೂ ಇಷ್ಟೇ ಮಕ್ಕಳು ಎಂದು ಹೇಳಬೇಕಿಲ್ಲ.

ಹೀಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳೆಯಬೇಕಾದವು ಬೇರೆ: ಹತ್ತನೇ ತರಗತಿ ಮುಗಿಸಿದ ಹುಡುಗಿಯರು, ಮೊದಲ ಹೆರಿಗೆಯ ವಯಸ್ಸು, ಎರಡು ಹೆರಿಗೆಗಳ ನಡುವಿನ ತಿಂಗಳು, ಗರ್ಭಿಣಿಯ ಹಿಮೋಗ್ಲೋಬಿನ್, ಆಪರೇಷನ್ ಆದವಳ ವಯಸ್ಸು, ಅದಕ್ಕೂ ಮೊದಲು ಅವಳಿಗೆ ಬೇರೆ ಸಾಧನ ಯಾರಾದರೂ ತೋರಿಸಿದ್ದರೋ ಇಲ್ಲವೋ. ಇವುಗಳಲ್ಲಿ ಹೆಚ್ಚಿನವು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ದಾಖಲೆ, ತಾಯಿ ಕಾರ್ಡು, ಶಾಲೆಯ ಹಾಜರಿಯಲ್ಲಿ ಈಗಾಗಲೇ ಇವೆ. ಹೈಸ್ಕೂಲು ಐದಾರು ಕಿಲೋಮೀಟರ್ ಆಚೆ ಇದ್ದು ಬಸ್ಸಿಲ್ಲದ ಊರಲ್ಲಿ ಹುಡುಗಿ ಎಂಟನೇ ತರಗತಿಗೇ ನಿಲ್ಲುತ್ತಾಳೆ. ಅಪ್ಪ ಅಮ್ಮ ಗುಳೆ ಹೊರಟರೆ ಅವಳನ್ನು ಯಾರ ಬಳಿ ಬಿಡುವುದು ಎಂಬ ಭಯಕ್ಕೆ ಮದುವೆ ಮುಗಿಸುತ್ತಾರೆ. ಅಲ್ಲಿ ಮೊದಲು ಬೇಕಾದದ್ದು ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಮತ್ತು ಗುಳೆಯ ತಿಂಗಳುಗಳಲ್ಲಿ ಉಳಿದುಕೊಳ್ಳಲು ಹಾಸ್ಟೆಲ್ಲಿನಲ್ಲೊಂದು ಜಾಗ.